ಹಗಲು ಹೇಳಿದ ಕೊಳ್ಳಿದೆವ್ವದ ಕಥೆ

ಭಾನುವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಹೊತ್ತು ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣ ನನ್ನ ಗೆಳೆಯ ಶಶಿ ಫೋನಿನಲ್ಲಿ ತೆಗೆದ ಒಂದು ಫೋಟೊ. ಚಾಪೆಯ ಮೇಲೆ ಬಿದ್ದ ದಾಳ, ಅದರ ಹಿಂದೆ ನನ್ನ ಮೊಣಕಾಲು, ಅದರಾಚೆ ಕಿಟಕಿ. ಕಿಟಕಿಯ ಸರಳುಗಳ ನಡುವೆ, ತಲೆಗೆ ಬಿಳಿ ಟವೆಲ್ ಸುತ್ತಿಕೊಂಡು ತೋಟದ ಕಡೆ ಹೊರಟ ನನ್ನ ಸೋದರಮಾವನ ಬೆನ್ನು. ಆ ಫೋಟೊದಲ್ಲಿ ಬೇರೇನೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಬರಹಗಳನ್ನು ಓದುವವರು ಫೋಟೊದ ಮೂಲೆಯಲ್ಲಿ ಏನೋ ಕಾಣಿಸಿತೆಂದು ಬರೆಯುವ ಘಟ್ಟಕ್ಕಾಗಿ ಕಾಯುತ್ತಾರೆ. ನಾನೂ ಹಾಗೇ ಕಾದು, ಅದು ಬಂದ ಕೂಡಲೇ ನಕ್ಕು ಪುಟ ತಿರುಗಿಸುತ್ತಿದ್ದವನು.

ನಾನು ಸಸ್ಯಶಾಸ್ತ್ರ ಓದಿ ತರೀಕೆರೆಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಕೆರೆಯಂಗಳದಲ್ಲಿ ರಾತ್ರಿ ಕಾಣುವ ಬೆಂಕಿ ಕೊಳ್ಳಿದೆವ್ವವಲ್ಲ, ಕೊಳೆತ ಗಿಡಗಳಿಂದ ಹೊರಡುವ ಅನಿಲ ಎಂದು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತಿದ್ದೆ. ದೆವ್ವವನ್ನು ನಂಬುವವರನ್ನು ಬೈಯುವ ಸ್ವಭಾವ ನನ್ನದಲ್ಲ. ಅವರ ಕಥೆಗಳೆಂದರೆ ನನಗೆ ತುಂಬ ಇಷ್ಟವಿತ್ತು. ಆ ಇಷ್ಟದಲ್ಲಿ ಎಷ್ಟು ತಾತ್ಸಾರ ಬೆರೆತಿತ್ತು ಎಂಬುದು ಈಗ ತಿಳಿಯುತ್ತಿದೆ.

ಮೊದಲು ನಮ್ಮ ಆಟದ ವಿಷಯ ಹೇಳಬೇಕು. ಕಡೂರಿನ ಶಶಿ, ತರೀಕೆರೆಯ ನಂದಿನಿ ಮತ್ತು ನಾನು ಶಿವಮೊಗ್ಗದಲ್ಲಿ ಒಟ್ಟಿಗೆ ಓದುತ್ತಿದ್ದಾಗ ಈ ಆಟ ಕಲಿತೆವು. ಇದರಲ್ಲಿ ಗೆಲ್ಲುವವರು ಸೋಲುವವರು ಎಂದಿಲ್ಲ. ಒಬ್ಬರು ಕಥೆ ಹೇಳುತ್ತಾರೆ. ಉಳಿದವರು ಅದರೊಳಗಿನ ಒಂದೊಂದು ಪಾತ್ರವಾಗಿ, ನಾನು ಈಗ ಬಾಗಿಲು ತೆಗೆಯುತ್ತೇನೆ, ನಾನು ಓಡುತ್ತೇನೆ ಎಂದು ಹೇಳುತ್ತ ಹೋಗುತ್ತಾರೆ. ಅವರು ಅಂದುಕೊಂಡದ್ದು ನಡೆಯುತ್ತದೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ಒಂದು ದಾಳ ತೀರ್ಮಾನಿಸುತ್ತದೆ. ದೊಡ್ಡ ಸಂಖ್ಯೆ ಬಿದ್ದರೆ ಆಯಿತು, ಸಣ್ಣದು ಬಿದ್ದರೆ ಕೆಟ್ಟಿತು. ಈಗ ಶಶಿ ಅಪ್ಪನ ಜೊತೆ ಕೊಬ್ಬರಿ ವ್ಯಾಪಾರ ನೋಡಿಕೊಳ್ಳುತ್ತಾನೆ, ನಂದಿನಿ ಹೈಸ್ಕೂಲಿನಲ್ಲಿ ಟೀಚರ್. ತಿಂಗಳಿಗೊಂದು ಭಾನುವಾರ ಎಲ್ಲಾದರೂ ಸೇರಿ ಆಡುತ್ತೇವೆ. ಕಥೆ ಹೇಳುವವನು ಯಾವಾಗಲೂ ನಾನೇ.

ಆಟದಲ್ಲಿ ಎದುರಾಗುವ ಭೂತ ರಾಕ್ಷಸರೆಲ್ಲ ಪರದೇಶದ ಪುಸ್ತಕಗಳಿಂದ ಬಂದವರು. ಚಳಿಗಾಲದವರಂತೂ ಹಿಮದ ದೈತ್ಯರು, ಮಂಜಿನ ತೋಳಗಳು. ಇಲ್ಲಿ ಹಿಮವೆಲ್ಲಿದೆ? ಕಳೆದ ಮಾಗಿಯಲ್ಲಿ, ನಮ್ಮದೇ ಚಳಿಗಾಲದ ದೆವ್ವಗಳನ್ನು ಆಟಕ್ಕೆ ಇಳಿಸಬೇಕೆಂಬ ಹುಕಿ ನನಗೆ ಬಂತು. ಅವುಗಳಿಗೆಲ್ಲ ನನ್ನ ಮೂಲ ಒಬ್ಬನೇ, ಅಮ್ಮನ ಅಣ್ಣ ಓಂಕಾರಮಾವ. ಅವನ ಊರು ಅಜ್ಜಂಪುರಕ್ಕೆ ಹತ್ತಿರ, ರೈಲು ಹಳಿಯ ಪಕ್ಕ. ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ. ರಾತ್ರಿ ಊಟವಾದ ಮೇಲೆ ಹಿತ್ತಿಲಲ್ಲಿ ಬೆಂಕಿ ಹಾಕಿಕೊಂಡು ಬೀಡಿ ಸೇದುತ್ತ ಅವನು ಹೇಳುತ್ತಿದ್ದದ್ದನ್ನು ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆ. ಆರಿದ ಒಲೆಯ ಬೂದಿಯಲ್ಲಿ ಬೆಕ್ಕಿನಂತೆ ಮುದುರಿ ಮಲಗುವ ಒಂದು ಮುದುಕಿ, ರಾಗಿ ರಾಶಿಯ ನೆತ್ತಿಯ ಮೇಲೆ ಕೂತು ಅದರ ಹುಲುಸನ್ನೆಲ್ಲ ಹೀರುವ ಇನ್ನೊಂದು. ನಮ್ಮ ಕಡೆಯ ದೆವ್ವಕ್ಕೆ ಏಟಿಗಿಂತ ಸ್ವೆಟರೇ ಹೆಚ್ಚು ಬೇಕಾಗಿದೆ ಎಂದು ಶಶಿ ತಮಾಷೆ ಮಾಡುತ್ತಿದ್ದ.

ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಮಾವನ ಕೊಳ್ಳಿದೆವ್ವ. ಬೇರೆ ಕಡೆ ಕೇಳಿದಂಥದ್ದಲ್ಲ ಅದು. ಹಿಂದೆ ಯಾರೋ ಒಬ್ಬ ರೈತ ಒಕ್ಕಣೆಯ ಕಾಲದಲ್ಲಿ ಕಣದಲ್ಲಿ ರಾಶಿ ಕಾಯುತ್ತ ಚಳಿಗೆ ಸೆಟೆದು ಸತ್ತನಂತೆ. ಅವನೇ ಉರಿಯುವ ಕೊಳ್ಳಿ ಹಿಡಿದು ತನ್ನ ಕಣ ಹುಡುಕಿಕೊಂಡು ಈಗಲೂ ತಿರುಗುತ್ತಾನಂತೆ. ಯಾರೋ ಊರಿನವರೇ ಹೋಗುತ್ತಿದ್ದಾರೆಂದು ನೀವು ಅವನ ಹಿಂದೆ ಹೋದರೆ ಮುಗಿಯಿತು, ಕಣದಲ್ಲಿ ರೋಣಗಲ್ಲು ಎಳೆಯುವ ಎತ್ತಿನ ಹಾಗೆ ಸುತ್ತಿದ ಜಾಗವನ್ನೇ ಸುತ್ತುತ್ತೀರಿ. ಬಿಡಿಸಿಕೊಳ್ಳಲು ಒಂದೇ ದಾರಿ. ನಿಂತು, "ಅಣ್ಣಾ, ಬೀಡಿಗೆ ಚೂರು ಬೆಂಕಿ ಕೊಡು" ಎಂದು ಕೇಳಬೇಕು. ಅವನ ಬೆಂಕಿ ಉರಿಯುತ್ತದೆಯೇ ಹೊರತು ಸುಡುವುದಿಲ್ಲ, ಏನನ್ನೂ ಹೊತ್ತಿಸುವುದಿಲ್ಲ. ಕೊಡಲಾಗದೆ ಅವನು ಕೊಳ್ಳಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಹೊರಟುಹೋಗುತ್ತಾನೆ.

ಅಷ್ಟಕ್ಕೇ ಯಾಕೆ ಹೋಗುತ್ತಾನೆ ಎಂದು ನಾನು ಕೇಳಿದ್ದೆ. ಮಾವನ ಉತ್ತರ ನನ್ನ ಫೋನಿನಲ್ಲಿ ಇನ್ನೂ ಇದೆ. "ದೆವ್ವ ಆದ್ರೇನು, ರೈತ ಅಲ್ವೇನೋ? ಮನೆ ಬಾಗ್ಲಿಗೆ ಬಂದು ಕೇಳ್ದೋರಿಗೆ ಇಲ್ಲ ಅನ್ನಕ್ಕೆ ನಾಚ್ಕೆ ಆಗುತ್ತೆ."

ಇಂಥದ್ದನ್ನು ಆಟಕ್ಕೆ ತರುವಾಗ ಅದರ ಬಲ ಎಷ್ಟು, ದೌರ್ಬಲ್ಯ ಯಾವುದು ಎಂದು ನಿಯಮ ಬರೆದುಕೊಳ್ಳಬೇಕು. ಈ ದೆವ್ವದ ದೌರ್ಬಲ್ಯ ನಾಚಿಕೆ. ಆದರೆ ಶಶಿ, ನಂದಿನಿ ಇಬ್ಬರೂ ಈ ಸೀಮೆಯವರೇ, ಕಥೆಯನ್ನು ನನ್ನ ಬಾಯಲ್ಲೇ ಒಮ್ಮೆ ಕೇಳಿದ್ದವರು. ಬೆಂಕಿ ಕೇಳಿಬಿಟ್ಟರೆ ಆಟ ಹತ್ತು ನಿಮಿಷಕ್ಕೆ ಮುಗಿಯುತ್ತಿತ್ತು. ಹಾಗಾಗಿ ನಾನು ಅದನ್ನು ಬದಲಾಯಿಸಿದೆ. ನನ್ನ ದೆವ್ವ ಬೆಂಕಿ ಕೇಳಿದರೆ ಕೊಡುತ್ತದೆ. ಅದರ ಬೆಂಕಿ ಪಡೆದವನು, ಅದು ಯಾವಾಗ ಬಂದು ಮುಂದೆ ನಿಂತರೂ ಹಿಂದೆ ಹೋಗಲೇಬೇಕು. ಬರೆದಾದ ಮೇಲೆ ನನ್ನ ಜಾಣತನಕ್ಕೆ ನಾನೇ ಹೆಮ್ಮೆಪಟ್ಟೆ. ಈ ಬದಲಾವಣೆಯನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಆಟದ ಸ್ವಾರಸ್ಯ ಹೋಗುತ್ತದೆ.

ಸಂಕ್ರಾಂತಿ ಕಳೆದ ಮೇಲಿನ ಭಾನುವಾರ. ಅವರೆಕಾಯಿ ತಿನ್ನಲು ಬನ್ನಿ ಎಂದು ಮಾವ ನಮ್ಮ ಮೂವರನ್ನೂ ಕರೆದಿದ್ದ. ಊಟ ಮುಗಿಸಿ ಮಹಡಿಯ ಕೋಣೆಯಲ್ಲಿ ಚಾಪೆ ಹಾಸಿ ಆಟಕ್ಕೆ ಕುಳಿತೆವು. ಅತ್ತೆ ನಮ್ಮ ಪಕ್ಕದಲ್ಲೇ ಮೊರ ಇಟ್ಟುಕೊಂಡು ಸಂಜೆಯ ಉಪ್ಪಿಟ್ಟಿಗೆ ಅವರೆಕಾಯಿ ಸುಲಿಯುತ್ತಿದ್ದಳು. ಮಾವ ಬಾಗಿಲಿಗೆ ಒರಗಿ ನಿಂತಿದ್ದ. ನಾನು ಕಥೆ ಶುರುಮಾಡಿದೆ. ಮಂಜು ಮುಸುಕಿದ ಹೊಲ, ದೂರದಲ್ಲಿ ಕೊಳ್ಳಿ. ಅತ್ತೆ ಸುಲಿಯುವುದನ್ನು ನಿಲ್ಲಿಸಿ ತಲೆಯೆತ್ತಿದಳು.

"ಹಗಲೊತ್ತು ಕಥೆ ಹೇಳ್ಬಾರ್ದು ಕಣಪ್ಪ. ಸೋದರಮಾವ ದಾರಿ ತಪ್ತಾನೆ ಅಂತಾರೆ."

ಇದನ್ನು ಚಿಕ್ಕಂದಿನಿಂದ ಕೇಳಿದ್ದೇನೆ, ನೀವೂ ಕೇಳಿರುತ್ತೀರಿ. ಹಗಲು ಕಥೆ ಕೇಳುತ್ತ ಕುಳಿತರೆ ಕೆಲಸ ಕೆಡುತ್ತದೆಂದು ಹಿರಿಯರು ಮಾಡಿದ ಉಪಾಯ ಎಂದು ನಾನು ವಿವರಿಸಿದೆ. ಮಾವನಿಗೆ ನಗು. "ದಾರಿ ತಪ್ಪಕ್ಕೆ ನಾನೇನು ದಿಲ್ಲಿಗೆ ಹೊಂಟಿದೀನೇನೇ? ಮೋಟ್ರು ಆಫ್ ಮಾಡಕ್ಕೆ ತೋಟಕ್ಕೋಗೋನು."

ನಗುವಿನ ಭರದಲ್ಲಿ ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. ಕಥೆಯಲ್ಲಿ ಕೊಳ್ಳಿದೆವ್ವದ ಹಿಂದೆ ಹೊರಟ ಒಬ್ಬ ಮುದುಕ ಇರಬೇಕಾಗಿತ್ತು, ಅವನನ್ನು ಬಿಡಿಸಿಕೊಂಡು ಬರುವುದೇ ಉಳಿದಿಬ್ಬರ ಕೆಲಸ. ಅವನಿಗೆ ನಾನು ಬೇರೇನೋ ಹೆಸರು ಇಟ್ಟಿದ್ದೆ. ಅದನ್ನು ಬಿಟ್ಟು, ಅವನ ಹೆಸರು ಓಂಕಾರಪ್ಪ ಎಂದೆ. ತಲೆಗೆ ಬಿಳಿ ಟವೆಲ್, ಕಿವಿಯ ಸಂದಿಯಲ್ಲಿ ಬೀಡಿ, ಸ್ವಲ್ಪ ಎಡಕ್ಕೆ ವಾಲುವ ನಡಿಗೆ. ಮಾವನ ನಡಿಗೆಯನ್ನು ಕೂತಲ್ಲೇ ಹೆಗಲು ಕುಣಿಸಿ ತೋರಿಸಿದೆ. ನಂದಿನಿ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಕ್ಕಳು. ಮಾವ, "ಹೆಂಗಾರ ಮಾಡಿ ಬಿಡಿಸ್ಕಂಡು ಬಾರಮ್ಮ, ರಾತ್ರಿ ಊಟಕ್ಕೆ ನಾನಿರ್ಬೇಕು" ಎಂದು ಅವಳಿಗೆ ಹೇಳಿ ಮೆಟ್ಟಿಲಿಳಿದು ಹೋದ.

ಆ ಮುದುಕನ ತೋಳು ಹಿಡಿದು ನಿಲ್ಲಿಸುತ್ತೇನೆಂದು ಶಶಿ ದಾಳ ಎಸೆದ. ಒಂದು ಬಿತ್ತು. ಇರುವುದರಲ್ಲಿ ಅತಿ ಕೆಟ್ಟದ್ದು. ಶಶಿ ಕೊಬ್ಬರಿ ಮಂಡಿಯಲ್ಲಿ ಬೆಳೆದವನು. ಅಲ್ಲಿ ಅಳೆಯುವಾಗ ಮೊದಲನೆಯದನ್ನು ಒಂದು ಎನ್ನದೆ ಲಾಭ ಎನ್ನುವುದು ರೂಢಿ. "ಲಾಭ" ಎಂದು ಕೂಗಿ ಅವನು ಫೋಟೊ ತೆಗೆದ. ನಾವು ಬಿದ್ದು ಬಿದ್ದು ನಕ್ಕೆವು. ನಾನು ಹೇಳಿದೆ: ಕೈ ಜಾರಿತು, ಓಂಕಾರಪ್ಪ ಕೊಳ್ಳಿಯ ಹಿಂದೆ ಹೊರಟ.

ಮೂರು ಗಂಟೆ ಹತ್ತು ನಿಮಿಷ.

ಆಮೇಲೆ ಮಾತು ಕಾಲೇಜಿನ ದಿನಗಳ ಕಡೆ ತಿರುಗಿತು, ದಾಳ ಬಿದ್ದಲ್ಲೇ ಉಳಿಯಿತು. ನಾಲ್ಕರ ಹೊತ್ತಿಗೆ ಅತ್ತೆ ಉಪ್ಪಿಟ್ಟು ಕಾಫಿಗೆ ಕೆಳಗೆ ಕರೆದಳು. ಆಟವನ್ನು ಅಲ್ಲಿಗೇ ಬಿಟ್ಟು ಇಳಿದೆವು. ಮಾವನ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟಿತ್ತು. ಬರುತ್ತಾನೆ ಅಂದುಕೊಂಡೆವು. ಐದಾಯಿತು. ಮಾವನ ಮಗ ಮಂಜ ಅಜ್ಜಂಪುರಕ್ಕೆ ಹೋಗಿದ್ದವನು ಬಂದ. ಅವನಿಗೂ ನನಗೂ ಒಂದೇ ವಯಸ್ಸು, ಜೊತೆಯಲ್ಲೇ ಬೆಳೆದವರು. ತೋಟಕ್ಕೆ ಹೋಗಿ ನೋಡಿದವನು ಓಡುತ್ತಲೇ ವಾಪಸ್ ಬಂದ. ಮೋಟರು ಓಡುತ್ತಿದೆ, ನೀರು ಪಾತಿ ತುಂಬಿ ಪಕ್ಕದ ಹೊಲಕ್ಕೆ ಹರಿಯುತ್ತಿದೆ, ಬದುವಿನ ಮೇಲೆ ಅಪ್ಪನ ಚಪ್ಪಲಿ ಇದೆ, ಅಪ್ಪ ಇಲ್ಲ.

ಮಾವನ ಫೋನು ಮನೆಯಲ್ಲೇ ಚಾರ್ಜಿಗೆ ಹಾಕಿತ್ತು. ಅವನ ಬೆಂಕಿಪೊಟ್ಟಣವೂ ಅಡಿಗೆಮನೆಯ ಗೂಡಿನಲ್ಲೇ ಇತ್ತು. ಅದನ್ನು ಆ ಹೊತ್ತಿನಲ್ಲಿ ನಾನೇ ನೋಡಿದೆ. ಆಗ ಅದೊಂದು ವಿಷಯವೆಂದೇ ಅನಿಸಲಿಲ್ಲ.

ಮನೆಯಿಂದ ತೋಟಕ್ಕೆ ಒಂದು ರಾಗಿ ಹೊಲದಷ್ಟೇ ದೂರ. ಮಾವ ಹುಟ್ಟಿದಾಗಿನಿಂದ ನಡೆದ ದಾರಿ. ಎಲ್ಲರಿಗೂ ಮೊದಲು ನೆನಪಾದದ್ದು ಪಕ್ಕದವರ ಹಳೆಯ ಬಾವಿ. ಕೊಳವೆಬಾವಿ ಬಂದ ಮೇಲೆ ಪಾಳು ಬಿಟ್ಟದ್ದು, ಸುತ್ತ ಕಟ್ಟೆಯಿಲ್ಲ, ತಳದಲ್ಲಿ ಬರೀ ಕಲ್ಲು. ಮಂಜ ಅದರ ಅಂಚಿನಲ್ಲಿ ಬೋರಲು ಮಲಗಿ ಬ್ಯಾಟರಿ ಬಿಟ್ಟು ನೋಡಿದ. ಏನೂ ಇರಲಿಲ್ಲ. ಅಲ್ಲಿಂದ ಜನ ನಾಲ್ಕು ದಿಕ್ಕಿಗೆ ಹಂಚಿಹೋದರು. ಕೆಲವರು ರೈಲು ಹಳಿಯ ಗುಂಟ, ಕೆಲವರು ಕೆರೆಯ ಕಡೆ. ನಾನೂ ಶಶಿಯೂ ಹೊಲಗಳ ನಡುವೆ ಮಾವನ ಹೆಸರು ಹಿಡಿದು ಕೂಗುತ್ತ ಹೋದೆವು. ಬೆಳಕು ಹೋಗುತ್ತಿದ್ದಂತೆ ನೆಲದಿಂದ ಮಂಜು ಏಳತೊಡಗಿತು.

ಕತ್ತಲಾದ ಮೇಲೆ ದೊಡ್ಡ ಬ್ಯಾಟರಿ ತರಲು ಮನೆಗೆ ಬಂದೆ. ಜಗಲಿಯ ತುಂಬ ಹೆಂಗಸರು. ನಂದಿನಿ ಅತ್ತೆಯ ಪಕ್ಕ ಕುಳಿತಿದ್ದಳು. ಅತ್ತೆ ಅಳುತ್ತಿರಲಿಲ್ಲ. ನನ್ನನ್ನು ಕಂಡು, ಬೈಯುವ ದನಿಯಲ್ಲಲ್ಲ, ಉಪ್ಪು ಇದೆಯೇ ಎಂದು ಕೇಳುವಷ್ಟು ಮೆಲ್ಲಗೆ ಕೇಳಿದಳು.

"ಕಥೆ ಮುಗಿಸಿದ್ರೇನಪ್ಪಾ?"

ಬ್ಯಾಟರಿ ಹಿಡಿದು ಮತ್ತೆ ಹೊಲಕ್ಕಿಳಿದಾಗ ಕಾಲು ಮುಂದೆ ಹೋಗಲಿಲ್ಲ. ಮಹಡಿಯ ಚಾಪೆಯ ಮೇಲೆ ಆ ಒಂದು ಬಿದ್ದ ದಾಳ ಹಾಗೇ ಇದೆ. ಅಲ್ಲಿ ಓಂಕಾರಪ್ಪ ಇನ್ನೂ ಕೊಳ್ಳಿಯ ಹಿಂದೆ ನಡೆಯುತ್ತಿದ್ದಾನೆ. ಅವನನ್ನು ನಾವು ವಾಪಸ್ ಕರೆತಂದಿಲ್ಲ. ಇದು ಹುಚ್ಚು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಂಜನ ಬಳಿ ಹೋಗಿ, ನಾನು ಮತ್ತು ಶಶಿ ರಸ್ತೆಯ ಆಚೆ ಬದಿ ನೋಡಿಬರುತ್ತೇವೆ ಎಂದು ಸುಳ್ಳು ಹೇಳಿದೆ. ಅವನು ನನ್ನ ಬೆನ್ನು ತಟ್ಟಿ, "ಹುಷಾರು ಕಣ್ಲೇ, ಹಾವು ಹುಪ್ಪಟೆ ಇರ್ತವೆ" ಎಂದ. ಆ ತಟ್ಟಿದ್ದು ಈಗಲೂ ಬೆನ್ನ ಮೇಲಿದೆ.

ಹಿತ್ತಿಲ ಬಾಗಿಲಿನಿಂದ ಶಶಿಯನ್ನು ಕರೆದುಕೊಂಡು ಮಹಡಿ ಹತ್ತಿದೆ. ನಂದಿನಿಗೆ ಸನ್ನೆ ಮಾಡಿದೆ, ಅವಳೂ ಬಂದಳು. ಯಾಕೆ ಎಂದು ಇಬ್ಬರೂ ಕೇಳಲಿಲ್ಲ. ಇದು ನನಗೆ ಆಗ ವಿಚಿತ್ರವೆನಿಸಲಿಲ್ಲ, ಈಗ ಅನಿಸುತ್ತದೆ. ಬಾಗಿಲು ಮುಂದೆ ಮಾಡಿ ಚಾಪೆಯ ಮೇಲೆ ಕುಳಿತೆವು. ಹೊರಗೆ ದೂರದಲ್ಲಿ ಊರಿನವರು ನನ್ನ ಮಾವನನ್ನು ಕೂಗುತ್ತಿದ್ದರು. ಒಳಗೆ ನಾವು ದಾಳ ಕೈಗೆತ್ತಿಕೊಂಡೆವು.

ಶಶಿ ಹೇಳಿದ, "ನೀನೇ ಹೇಳ್ಬಿಡ್ಲೇ, ಓಂಕಾರಪ್ಪ ಮನೆಗೆ ಬಂದ ಅಂತ. ಮುಗೀಲಿ."

ಬಾಯಿ ತೆರೆದೆ. ಆಗಲಿಲ್ಲ. ಆಡದೆ ಹೇಳಿದ ಮುಕ್ತಾಯ ಲೆಕ್ಕಕ್ಕೆ ಬರುವುದಿಲ್ಲ ಎಂದು ಯಾಕೋ ಅನಿಸಿತು. ಆಡೋಣ ಎಂದೆ. ಶಶಿ ಮುದುಕನನ್ನು ಮುಟ್ಟುವಷ್ಟು ಹತ್ತಿರ ಹೋಗಲು ದಾಳ ಎಸೆದ. ಮೂರು. ಮತ್ತೊಮ್ಮೆ, ಐದು. ಯಾವಾಗಲೂ ಏನಾದರೊಂದು ಅಣಕವಾಡುವವನು ದಾಳವನ್ನು ನಂದಿನಿಯ ಕಡೆ ತಳ್ಳಿದ. ಆಮೇಲೆ ನಂದಿನಿ ಎಸೆದಳು, ಹದಿನೇಳು ಬಿತ್ತು. ತಾನು ಮುದುಕನನ್ನು ದಾಟಿ ದೆವ್ವದ ಎದುರಿಗೇ ಹೋಗಿ ನಿಂತಿದ್ದೇನೆ ಎಂದಳು. ನನ್ನ ಕಣ್ಣು ನೋಡುತ್ತ, ಸಣ್ಣ ದನಿಯಲ್ಲಿ, "ಅಣ್ಣಾ, ಬೀಡಿಗೆ ಚೂರು ಬೆಂಕಿ ಕೊಡು" ಎಂದಳು.

ನಾನು ಬರೆದ ನಿಯಮದ ಪ್ರಕಾರ ಈಗ ಅದು ಬೆಂಕಿ ಕೊಡಬೇಕು. ನಾನು ನಿಯಮ ಬಿಟ್ಟೆ. ಮಾವ ಹೇಳಿದ್ದನ್ನೇ ಹೇಳಿದೆ. ಅದಕ್ಕೆ ನಾಚಿಕೆಯಾಯಿತು, ಕೊಳ್ಳಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಹೊರಟುಹೋಯಿತು. ಓಂಕಾರಪ್ಪ ಕಣ್ಣುಜ್ಜಿಕೊಂಡು ಸುತ್ತ ನೋಡಿದ, ತನ್ನ ಮನೆಯ ದೀಪ ಕಂಡಿತು. ಕೊನೆಗೆ, ಚಿಕ್ಕಂದಿನಲ್ಲಿ ಮಾವ ಪ್ರತಿ ಕಥೆಯನ್ನೂ ಮುಗಿಸುತ್ತಿದ್ದ ಮಾತನ್ನೂ ಸೇರಿಸಿದೆ. ಅವರು ಅಲ್ಲಿ ಸುಖವಾಗಿದ್ದಾರೆ, ನಾವು ಇಲ್ಲಿ ಸುಖವಾಗಿದ್ದೇವೆ. ನಂದಿನಿ ಅಳತೊಡಗಿದಳು.

ಅದಾಗಿ ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಅಂಗಳದಲ್ಲಿ ಗದ್ದಲವಾಯಿತು, ಮೆಟ್ಟಿಲ ಮೇಲೆ ಕಾಲಿನ ಸದ್ದು. ಬಾಗಿಲು ತಳ್ಳಿದವನು ಮಂಜ. ಮೊಣಕಾಲಿನವರೆಗೆ ಕೆಸರು, ಮುಖದ ತುಂಬ ಬೆವರು. ನಮಗೆ ಸುದ್ದಿ ಹೇಳಬೇಕೆಂದೇ ಓಡಿ ಬಂದಿದ್ದ. ನಾವು ಮೂವರು ಸುತ್ತ ಕೂತದ್ದು, ನಡುವೆ ದಾಳ, ಎಲ್ಲವನ್ನೂ ಒಮ್ಮೆ ನೋಡಿದ. ಅವನ ಮುಖದ ಮೇಲಿನ ಸಂತೋಷ ಹೇಗೆ ಇಳಿಯಿತು ಎಂಬುದನ್ನು ನಾನು ನೋಡಿದೆ.

"ನಿಮ್ಮಾವ ಸಿಕ್ಕಿದಾರೆ" ಎಂದ. "ಆಟ ಮುಗುದ್ರೆ ಕೆಳಗ್ ಬನ್ನಿ."

ಅಪ್ಪ ಎನ್ನಲಿಲ್ಲ, ನಿಮ್ಮಾವ ಎಂದ. ಬಾರಲೇ ಎನ್ನಲಿಲ್ಲ, ಬನ್ನಿ ಎಂದ.

ಮಾವ ಸಿಕ್ಕಿದ್ದು ಆ ಹಳೆಯ ಬಾವಿಯ ಹತ್ತಿರವೇ. ಸಂಜೆ ಎಲ್ಲರೂ ನೋಡಿ ಬಿಟ್ಟುಬಂದ ಜಾಗ. ಮಂಜಿನಲ್ಲಿ ಏನೂ ಕಾಣುತ್ತಿರಲಿಲ್ಲವಂತೆ. ಬಾವಿಯ ಕಡೆ ಒಂದು ಸಣ್ಣ ಕೆಂಪು ಚುಕ್ಕೆ ಕಂಡು ಮಂಜ ಆ ಕಡೆ ತಿರುಗಿದನಂತೆ. ಅದು ಮಾವನ ಬಾಯಲ್ಲಿದ್ದ ಬೀಡಿಯ ತುದಿ. ಮಾವ ಬಾವಿಯ ಅಂಚಿನಲ್ಲೇ ನಡೆಯುತ್ತಿದ್ದ, ಕರೆದರೂ ನಿಲ್ಲಲಿಲ್ಲ, ಹಿಡಿದು ಎಳೆಯಬೇಕಾಯಿತು.

ಜಗಲಿಯಲ್ಲಿ ಕಂಬಳಿ ಹೊದ್ದು ಕುಳಿತ ಮಾವ ಎಲ್ಲರಿಗೂ ನಿಧಾನವಾಗಿ ಹೇಳಿದ. ಮೋಟರ್ ಆಫ್ ಮಾಡಲು ಹೋಗುವಾಗ ಮುಂದೆ ಯಾರೋ ಕೊಳ್ಳಿ ಹಿಡಿದು ಹೋಗುತ್ತಿದ್ದರು. ಹಾಡುಹಗಲಲ್ಲಿ ಕೊಳ್ಳಿ ಯಾಕೆ, ಯಾರಾದರೂ ತೋಟಕ್ಕೆ ಬೆಂಕಿ ಇಟ್ಟಾರು ಎಂದು ಹಿಂದೆ ಹೋದ. ಸುಮಾರು ಹೊತ್ತು ನಡೆದ. ರೈಲು ಹೋದದ್ದು ಕೇಳಿಸಿತು, ಅದು ಯಾವ ಕಡೆಯಿಂದ ಎಂದು ತಿಳಿಯಲಿಲ್ಲ, ಎಲ್ಲ ಕಡೆಯಿಂದಲೂ ಕೇಳಿದ ಹಾಗಾಯಿತು. ಕತ್ತಲಾದ ಮೇಲೆ ಸಂಶಯ ಬಂತು. ಕಥೆಯಲ್ಲಿ ಹೇಳುತ್ತಿದ್ದದ್ದು ನೆನಪಾಯಿತು. ಕಿವಿಯ ಸಂದಿಯಿಂದ ಬೀಡಿ ತೆಗೆದ. ಇಷ್ಟು ಹೇಳಿ ಗುಂಪಿನಲ್ಲಿ ನನ್ನ ಮುಖ ಹುಡುಕಿದ. ಅವನ ದನಿಯಲ್ಲಿ ಭಯಕ್ಕಿಂತ ಮೋಸ ಹೋದವನ ಅಚ್ಚರಿಯಿತ್ತು.

"ಬೆಂಕಿ ಕೇಳ್ದೆ ಕಣೋ. ಕೊಟ್ಬಿಡ್ತು."

ಮಾರನೆಯ ದಿನ ಬೆಳಿಗ್ಗೆ ಬಾವಿಯ ಹತ್ತಿರ ಹೋಗಿ ನೋಡಿದೆ. ತುಂಬಿ ಹರಿದ ನೀರಿನಿಂದ ನೆಲ ಮೆದುವಾಗಿತ್ತು. ಬರಿಗಾಲಿನ ಹೆಜ್ಜೆಗಳು ಬಾವಿಯ ಸುತ್ತ, ಒಂದರ ಮೇಲೊಂದು, ಕಣದಲ್ಲಿ ಎತ್ತು ತುಳಿದ ಹಾಗೆ ಬಳೆಯಂಥ ದಾರಿ ಮಾಡಿದ್ದವು. ಕೆಲವು ಕಡೆ ಹೆಬ್ಬೆರಳ ಗುರುತು ಅಂಚಿನಾಚೆಗೇ ಹೋಗಿ, ಮಣ್ಣು ಕುಸಿದು ಒಳಗೆ ಬಿದ್ದಿತ್ತು. ಹಾಗೆ ಸುತ್ತಿದ್ದವು ಒಬ್ಬರವೇ ಹೆಜ್ಜೆಗಳು.

ತರೀಕೆರೆಯ ಡಾಕ್ಟರು ಸರಿಯಾಗಿಯೇ ಹೇಳಿದರು. ಮಾವನ ಹಾಗೆ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರಿಗೆ ಒಮ್ಮೊಮ್ಮೆ ಸಕ್ಕರೆ ತೀರ ಇಳಿದುಬಿಡುತ್ತದೆ, ಆಗ ದಿಕ್ಕು ತಿಳಿಯುವುದಿಲ್ಲ, ಇಲ್ಲದ್ದು ಕಾಣಿಸುತ್ತದೆ. ನಾನು ಅದನ್ನು ಒಪ್ಪಿದೆ. ಈಗಲೂ ಹಗಲು ಹೊತ್ತು ಒಪ್ಪುತ್ತೇನೆ. ಬೀಡಿಗೆ ಬೆಂಕಿ ದಾರಿಹೋಕರು ಯಾರೋ ಕೊಟ್ಟಿರಬಹುದು. ಕಟ್ಟೆಯಿಲ್ಲದ ಬಾವಿಯ ಅಂಚಿನಲ್ಲಿ ಸುತ್ತುವ ಮುದುಕನಿಗೆ ಬೆಂಕಿ ಕೊಟ್ಟು ಸುಮ್ಮನೆ ಹೋಗುವ ದಾರಿಹೋಕರು ಯಾರು ಎಂದು ರಾತ್ರಿ ಯೋಚಿಸುತ್ತೇನೆ. ಕೇಳಿದರೆ ಕೊಡುತ್ತದೆ ಎಂಬುದು ನನ್ನ ತಲೆಯೊಳಗೆ ಮಾತ್ರ ಇದ್ದ ನಿಯಮ. ಮೇಲೆ ಕೋಣೆಯಲ್ಲಿ ದೆವ್ವ ಬೆಂಕಿ ಕೊಡಲಿಲ್ಲ ಎಂದು ನಾನು ಮುಗಿಸಿದ್ದೆ, ಬಾವಿಯ ಬಳಿ ಅದು ಕೊಟ್ಟಿತ್ತು. ಮಂಜ ಆ ಕೆಂಪು ಚುಕ್ಕೆ ಕಂಡದ್ದು ನಾವು ಕಥೆ ಮುಗಿಸುವ ಮೊದಲೋ ಆಮೇಲೋ? ಆ ಚುಕ್ಕೆ ಇಲ್ಲದಿದ್ದರೆ ಮಾವ ಸಿಗುತ್ತಿದ್ದನೇ? ಹಾಗಾದರೆ ಅವನನ್ನು ಉಳಿಸಿದ್ದೂ ನನ್ನ ನಿಯಮವೇ? ಯಾವ ಕಡೆಯಿಂದ ಹೋದರೂ ನಾನು ಹೊರಟಲ್ಲಿಗೇ ಬರುತ್ತೇನೆ.

ಮಂಜನಿಗೆ ಎಲ್ಲವನ್ನೂ ಹೇಳಿಬಿಡಬೇಕೆಂದು ಎಷ್ಟೋ ಸಲ ಬಾಯಿವರೆಗೆ ಬಂದಿದೆ. ಏನೆಂದು ಹೇಳಲಿ? ಎಲ್ಲರೂ ನಿನ್ನ ಅಪ್ಪನನ್ನು ಹುಡುಕುವ ಹೊತ್ತಿನಲ್ಲಿ, ಕಾಲೇಜಿನಲ್ಲಿ ಪಾಠ ಹೇಳುವ ನಾನು, ದಾಳ ಎಸೆದರೆ ಅವನು ಬರುತ್ತಾನೆಂದು ನಂಬಿ ಕುಳಿತಿದ್ದೆ ಎಂದೇ? ಹೇಳದಿದ್ದರೆ, ಮಾವ ಕಾಣೆಯಾದಾಗ ಆಟವಾಡುತ್ತ ಕೂತ ಅಳಿಯನಾಗಿ ಉಳಿಯುತ್ತೇನೆ. ಊರಿನಲ್ಲಿ ಹಾಗೇ ಆಡಿಕೊಳ್ಳುತ್ತಾರೆಂದು ಶಶಿ ಹೇಳಿದ. ಈ ಎರಡರಲ್ಲಿ ಯಾವ ನಾಚಿಕೆಯನ್ನು ಹೊತ್ತುಕೊಳ್ಳಬೇಕು ಎಂದು ತಿಳಿಯದೆ ಎರಡನ್ನೂ ಹೊತ್ತುಕೊಂಡಿದ್ದೇನೆ. ಮಂಜ ಅಂದಿನಿಂದ ನನ್ನನ್ನು ಬನ್ನಿ ಕೂತ್ಕೊಳ್ಳಿ ಎಂದೇ ಮಾತನಾಡಿಸತೊಡಗಿದ. ಹೊರಗಿನವರಿಗೆ ಅದು ಮರ್ಯಾದೆಯ ಹಾಗೆ ಕೇಳಿಸುತ್ತಿತ್ತು.

ನನಗೆ ನಿದ್ದೆ ಹೋಯಿತು. ಅದರ ಬೆಂಕಿ ಪಡೆದವನು ಅದು ಬಂದು ನಿಂತಾಗ ಹಿಂದೆ ಹೋಗಲೇಬೇಕು ಎಂದು ಬರೆದವನು ನಾನೇ ತಾನೇ. ಆ ನಿಯಮವನ್ನು ಅಳಿಸಿದೆ, ಮಾವ ಹೇಳಿದಂತೆಯೇ ತಿದ್ದಿ ಬರೆದೆ. ಅದರಿಂದ ಏನೂ ಆಗಲಿಲ್ಲ. ತರೀಕೆರೆಯ ನನ್ನ ಕೋಣೆಯಲ್ಲಿ ಕಣ್ಣು ಹತ್ತಿದ ಕೂಡಲೇ ಮಾವ ಎದ್ದು ಹಿತ್ತಿಲ ಬಾಗಿಲ ಚಿಲಕ ತೆಗೆದ ಹಾಗಾಗಿ ಎಚ್ಚರವಾಗುತ್ತಿತ್ತು. ಬೆಳಗಾಗುವುದನ್ನೇ ಕಾದು ಅತ್ತೆಗೆ ಫೋನ್ ಮಾಡುತ್ತಿದ್ದೆ. ತೆಂಗಿನಕಾಯಿ ರೇಟಿನ ವಿಷಯವೋ, ಅಮ್ಮನ ಕಾಲು ನೋವಿನ ವಿಷಯವೋ ತೆಗೆಯುತ್ತಿದ್ದೆ. ಕೆಲವು ದಿನಗಳಾದ ಮೇಲೆ ಅತ್ತೆ ನನಗೆ ನೆಪ ಹುಡುಕುವ ಕಷ್ಟವನ್ನೂ ಕೊಡಲಿಲ್ಲ. ಫೋನ್ ಎತ್ತಿದ ಕೂಡಲೇ, "ಇದಾರೆ ಕಣಪ್ಪ, ಹಾಲು ಕರೀತಿದಾರೆ" ಎನ್ನುತ್ತಿದ್ದಳು. ಮಾವ ಕಥೆ ಹೇಳುವುದನ್ನು ನಿಲ್ಲಿಸಿದ್ದ. ಬೀಡಿಯನ್ನೂ ಮುಟ್ಟಿರಲಿಲ್ಲ. ಕೇಳಿದರೆ, ರುಚಿಯಿಲ್ಲ ಎನ್ನುತ್ತಿದ್ದನಂತೆ.

ಹೀಗೇ ಶಿವರಾತ್ರಿ ಬಂತು. ಊರಿಗೆ ಹೋದೆ. ಉಪವಾಸ ಮಾಡಿ ಎಲ್ಲರೂ ರಾತ್ರಿ ಗುಡಿಯ ಪಡಸಾಲೆಯಲ್ಲಿ ಸೇರಿದ್ದರು. ಭಜನೆ, ತಾಳ, ಯಾಮಕ್ಕೊಂದು ಪೂಜೆ. ಭಜನೆಯವರು ಸುಸ್ತಾಗಿ ಕೂತಾಗ, ತೂಕಡಿಸುವ ಮಕ್ಕಳನ್ನು ಎಚ್ಚರವಾಗಿಡಲು ಯಾರಾದರೂ ಕಥೆ ಹೇಳಿ ಎಂದರು. ಹೋದ ವರ್ಷದವರೆಗೆ ಅದು ಮಾವನ ಕೆಲಸ. ಮಕ್ಕಳು ಅವನ ಪಂಚೆ ಹಿಡಿದು ಜಗ್ಗಿದವು. ಮಾವ ಬೇಡ ಬೇಡ ಎನ್ನುತ್ತಲೇ ಗೋಡೆಗೆ ಒರಗಿ ಕುಳಿತ. ಒಕ್ಕಣೆಯ ಕಾಲದಲ್ಲಿ ಒಬ್ಬ ರೈತ ಇದ್ದನಂತೆ ಎಂದು ಶುರುಮಾಡಿದ.

ನಾನು ಕಂಬದ ಮರೆಯಲ್ಲಿ ಕುಳಿತು ಉಸಿರು ಬಿಗಿ ಹಿಡಿದು ಕೇಳಿದೆ. ಬೆಂಕಿ ಕೇಳಿದಾಗ ಅದು ಏನು ಮಾಡಿತೆಂದು ಮಾವ ಹೇಳುತ್ತಾನೆ? ಮೊದಲಿನಿಂದ ಹೇಳುತ್ತಿದ್ದ ಹಾಗೋ, ಈಗ ತಾನು ಕಂಡ ಹಾಗೋ? ಮಕ್ಕಳು ಹೂಂ ಹೂಂ ಎನ್ನುತ್ತಿದ್ದವು. ಸುತ್ತ ಊರಿನವರೆಲ್ಲ ಎಚ್ಚರವಾಗಿದ್ದರು. ಬಾಗಿಲ ಬಳಿ ಮಂಜ ಕಾಲು ಚಾಚಿ ಕುಳಿತಿದ್ದ. ಅವನನ್ನು ದಾಟದೆ ಯಾರೂ ಹೊರಗೆ ಹೋಗುವಂತಿರಲಿಲ್ಲ. ಮಾವನನ್ನು ಕಾಯಲು ಇಷ್ಟು ಜನರಿದ್ದಾರೆ ಎಂದುಕೊಂಡದ್ದು ನೆನಪಿದೆ. ಕೊಳ್ಳಿ ಹೊಲಕ್ಕೆ ಇಳಿಯಿತು ಎಂಬಲ್ಲಿಯವರೆಗೂ ನೆನಪಿದೆ.

ಕಣ್ಣು ತೆರೆದಾಗ ಬಿಸಿಲು ಮೆಟ್ಟಿಲ ಮೇಲೆ ಬಂದಿತ್ತು. ನನ್ನ ಮೇಲೆ ಯಾರೋ ಅತ್ತೆಯ ಶಾಲು ಹೊದಿಸಿದ್ದರು. ಮಂಜ ಕಾಲಿನಿಂದ ನನ್ನ ಪಾದ ತಿವಿಯುತ್ತಿದ್ದ.

"ಏಳ್ಲೇ. ಜಾಗರಣೆ ದಿನ ಗೊರಕೆ ಹೊಡ್ದೋನು ಈ ಊರಿಗೆ ನೀನೊಬ್ನೇ."

ಸಂಕ್ರಾಂತಿಯಿಂದೀಚೆಗೆ ನಾನು ಒಂದು ಇಡೀ ರಾತ್ರಿ ಮಲಗಿ ಎದ್ದದ್ದು ಅಂದೇ. ಯಾರೂ ಮಲಗಬಾರದ ರಾತ್ರಿ. ಕಥೆ ಹೇಗೆ ಮುಗಿಯಿತೆಂದು ಅಲ್ಲಿದ್ದ ಯಾವ ಮಗುವನ್ನು ಕೇಳಿದರೂ ಹೇಳುತ್ತಿತ್ತು. ನಾನು ಕೇಳಲಿಲ್ಲ.

ಹೊರಗೆ ಕಟ್ಟೆಯ ಮೇಲೆ ಮಾವ ಎಳೆಬಿಸಿಲಿಗೆ ಮುಖ ಕೊಟ್ಟು ಕುಳಿತಿದ್ದ. ತುಟಿಯಲ್ಲಿ ಒಂದು ಬೀಡಿ, ಹೊತ್ತಿಸದ್ದು. ಜೇಬು ತಡಕಿ ನೋಡಿಕೊಂಡು, ನಾನು ಹತ್ತಿರ ಬಂದಾಗ ತಲೆಯೆತ್ತಿ ಕೇಳಿದ. "ಬೆಂಕಿ ಇದ್ರೆ ಕೊಡೋ."

ನಾನು ಬೀಡಿ ಸಿಗರೇಟು ಸೇದುವವನಲ್ಲ, ಅದು ಅವನಿಗೂ ಗೊತ್ತು. ಆದರೂ ಎರಡೂ ಜೇಬಿಗೆ ಕೈ ಹಾಕಿ ಹುಡುಕಿದೆ. ಇಲ್ಲ ಎನ್ನಲು ನಾಚಿಕೆಯಾಯಿತು.